ಅಂಕಗಳ ಹಿಂದೆ ಹನ್ನೊಂದು ತಿಂಗಳು: ಒಂದು ಗಣಿತ ಆ್ಯಪ್‌ನ ವಿಮರ್ಶೆ

ಶಾಲೆಯಲ್ಲಿ ಅರೆಬರೆ ಕಲಿತು ಬಿಟ್ಟಿದ್ದ ಗಣಿತವನ್ನು ನಡುವಯಸ್ಸಿನಲ್ಲಿ ಮತ್ತೆ ಕೈಗೆತ್ತಿಕೊಳ್ಳಬೇಕೆಂಬ ಆಸೆಯಿಂದ ನಾನು ಕಳೆದ ಹನ್ನೊಂದು ತಿಂಗಳಿಂದ ಒಂದು ಮೊಬೈಲ್ ಆ್ಯಪ್ ಬಳಸುತ್ತಿದ್ದೇನೆ. ಭಿನ್ನರಾಶಿಯಿಂದ ಆರಂಭವಾಗಿ ಋಣಸಂಖ್ಯೆ, ಶೇಕಡಾವಾರು, ಸರಳ ಸಮೀಕರಣ, ಅಸಮತೆ, ಸಂಭವನೀಯತೆಗಳನ್ನು ಹಾದು ವರ್ಗ ಸಮೀಕರಣದವರೆಗೆ ಹೋಗುವ ಪಠ್ಯಕ್ರಮ ಅದರದು. ಪಾಠಗಳೆಲ್ಲವೂ ಆಟದ ರೂಪದಲ್ಲಿವೆ. ಪ್ರತಿ ಸರಿಯುತ್ತರಕ್ಕೆ ಪಾಯಿಂಟ್, ಪಾಠ ಮುಗಿದಾಗ ಬ್ಯಾಡ್ಜ್, ವಾರಕ್ಕೊಮ್ಮೆ ಲೀಗ್ ಪಟ್ಟಿ, ಒಂದು ದಿನವೂ ತಪ್ಪದೆ ಅಭ್ಯಾಸ ಮಾಡಿದರೆ ಬೆಳೆಯುತ್ತ ಹೋಗುವ ಸ್ಟ್ರೀಕ್, ತಪ್ಪು ಮಾಡಿದರೆ ಕಳೆದುಹೋಗುವ ಪುಟ್ಟ ಕೆಂಪು ಹೃದಯಗಳು ಅದರಲ್ಲಿವೆ. ಆ್ಯಪ್‌ನ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಇದೇ ಬಗೆಯ ಹತ್ತಾರು ಆ್ಯಪ್‌ಗಳಲ್ಲಿ ಹೆಚ್ಚುಕಡಿಮೆ ಇವೇ ತಂತ್ರಗಳಿರುವುದರಿಂದ, ಯಾವುದನ್ನು ಬಳಸುತ್ತಿದ್ದರೂ ಓದುಗರು ತಮ್ಮ ಅನುಭವದೊಂದಿಗೆ ತಾಳೆ ನೋಡಿಕೊಳ್ಳಲು ಆಗಲಿ ಎಂಬುದು ನನ್ನ ಉದ್ದೇಶ.

ಗೇಮಿಫಿಕೇಶನ್ ಎಂಬ ಮಾತು ವ್ಯಾಪಕವಾಗಿ ಕೇಳಿಬಂದದ್ದು 2010ರ ಆಸುಪಾಸಿನಲ್ಲಿ. 2011ರಲ್ಲಿ ಸೆಬಾಸ್ಟಿಯನ್ ಡೆಟರ್ಡಿಂಗ್ ಮತ್ತು ಸಂಗಡಿಗರು ಅದನ್ನು ಆಟವಲ್ಲದ ಸಂದರ್ಭಗಳಲ್ಲಿ ಆಟದ ವಿನ್ಯಾಸದ ಅಂಶಗಳನ್ನು ಬಳಸುವುದು ಎಂದು ವ್ಯಾಖ್ಯಾನಿಸಿದರು. ವ್ಯಾಖ್ಯೆ ಸರಳವಾಗಿದೆ, ಆದರೆ ಯಾವ ಅಂಶಗಳು ಎಂಬ ಪ್ರಶ್ನೆಯನ್ನು ಅದು ಬಳಸುವವರ ವಿವೇಕಕ್ಕೆ ಬಿಟ್ಟುಬಿಡುತ್ತದೆ. ಅಂಕ, ಪದಕ, ಪಟ್ಟಿಗಳು ಆಟದ ಅಂಗಳದ ಅಂಚಿನಲ್ಲಿ ನಿಂತಿರುವ ಫಲಕಗಳು. ಗುರಿ, ನಿಯಮ, ಆಯ್ಕೆ, ಹಂತಹಂತವಾಗಿ ಏರುವ ಕಷ್ಟ, ಪ್ರತಿ ನಡೆಗೂ ತಕ್ಷಣ ದೊರೆಯುವ ಫಲ, ಸೋತರೆ ಮತ್ತೆ ಆಡುವ ಅವಕಾಶ ಇವು ಅಂಗಳದೊಳಗಿನ ಆಟ. ನಾನು ವಿಮರ್ಶಿಸುತ್ತಿರುವ ಆ್ಯಪ್‌ನಲ್ಲಿ ಎರಡೂ ಇವೆ. ಅದರ ಬಗ್ಗೆ ನನಗಿರುವ ಮೆಚ್ಚುಗೆಯೆಲ್ಲ ಬಹುಮಟ್ಟಿಗೆ ಎರಡನೆಯದರ ಪಾಲಿಗೂ, ಅಸಮಾಧಾನವೆಲ್ಲ ಮೊದಲನೆಯದರ ಪಾಲಿಗೂ ಸೇರುತ್ತದೆ. ಹೀಗೆ ಗೆರೆ ಎಳೆದಂತೆ ವಿಂಗಡವಾಗುತ್ತದೆಂದು ಬಳಸಲು ಶುರುಮಾಡಿದಾಗ ನಾನು ಎಣಿಸಿರಲಿಲ್ಲ.

ಆರಂಭದ ಅನುಭವ ಚೆನ್ನಾಗಿಯೇ ಇದೆ. ಇಪ್ಪತ್ತು ಪ್ರಶ್ನೆಗಳ ಪ್ರವೇಶ ಪರೀಕ್ಷೆಯೊಂದು ನಿಮ್ಮ ಮಟ್ಟವನ್ನು ಅಂದಾಜು ಮಾಡಿ, ಪಾಠಗಳ ನಕಾಶೆಯಲ್ಲಿ ಒಂದು ಕಡೆ ನಿಮ್ಮನ್ನು ತಂದು ನಿಲ್ಲಿಸುತ್ತದೆ. ಇನ್ನೂ ಒಂದು ಪಾಠವನ್ನೂ ಓದದಿದ್ದರೂ ಪ್ರಗತಿಯ ಪಟ್ಟಿಯ ಸ್ವಲ್ಪ ಭಾಗ ಆಗಲೇ ಹಸಿರಾಗಿ ತುಂಬಿರುತ್ತದೆ. ಇದು ಔದಾರ್ಯವಷ್ಟೇ ಆಗಿರಲಾರದು. ಜೋಸೆಫ್ ನೂನೆಸ್ ಮತ್ತು ಸೇವಿಯರ್ ಡ್ರೆಜ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾರು ತೊಳೆಯುವ ಅಂಗಡಿಯೊಂದರ ಗಿರಾಕಿಗಳಿಗೆ ಎರಡು ಬಗೆಯ ಕಾರ್ಡ್ ಕೊಟ್ಟಿದ್ದರು. ಒಂದರಲ್ಲಿ ಎಂಟು ಖಾಲಿ ಮನೆಗಳು; ಇನ್ನೊಂದರಲ್ಲಿ ಹತ್ತು ಮನೆಗಳು, ಆದರೆ ಎರಡಕ್ಕೆ ಮೊದಲೇ ಮುದ್ರೆ ಬಿದ್ದಿತ್ತು. ಇಬ್ಬರೂ ಎಂಟೇ ಬಾರಿ ಕಾರು ತೊಳೆಸಬೇಕಿದ್ದರೂ, ಮೊದಲ ಗುಂಪಿನಲ್ಲಿ ಶೇಕಡಾ 19 ಮಂದಿ, ಎರಡನೆಯದರಲ್ಲಿ ಶೇಕಡಾ 34 ಮಂದಿ ಕಾರ್ಡ್ ಪೂರ್ತಿ ಮಾಡಿದರು. ಶುರುವಾಗಿಬಿಟ್ಟ ಕೆಲಸವನ್ನು ಮುಗಿಸಬೇಕೆನ್ನಿಸುವ ಮನುಷ್ಯ ಸ್ವಭಾವವನ್ನು ಆ್ಯಪ್ ಇಲ್ಲಿ ಬಳಸಿಕೊಂಡಿದೆ. ನನಗೆ ಇದರಲ್ಲಿ ಆಕ್ಷೇಪವಿಲ್ಲ, ಏಕೆಂದರೆ ಪ್ರವೇಶ ಪರೀಕ್ಷೆಯಲ್ಲಿ ನಾನು ನಿಜವಾಗಿ ಉತ್ತರಿಸಿದ ಪ್ರಶ್ನೆಗಳಿಗೆ ತಕ್ಕ ಭಾಗವೇ ತುಂಬಿತ್ತು. ಗಣಿತವೆಂದರೆ ಹೆದರುವವರಿಗೆ, ನಿಮ್ಮ ಪಾಟಿ ಪೂರ್ತಿ ಖಾಲಿಯೇನಲ್ಲ ಎಂದು ಮೊದಲ ದಿನವೇ ತೋರಿಸುವುದು ದೊಡ್ಡ ಉಪಕಾರ.

ಈ ಆ್ಯಪ್‌ನ ಅತ್ಯುತ್ತಮ ಭಾಗವೆಂದರೆ ಸಮೀಕರಣಗಳ ಅಧ್ಯಾಯ. ಅಲ್ಲಿ ಪರದೆಯ ಮೇಲೆ ಒಂದು ತಕ್ಕಡಿ ಬರುತ್ತದೆ. ಎಡ ತಟ್ಟೆಯಲ್ಲಿ ಮುಚ್ಚಿದ ಮೂರು ಡಬ್ಬಿಗಳೂ ನಾಲ್ಕು ತೂಕದ ಬೊಟ್ಟುಗಳೂ ಇವೆ, ಬಲ ತಟ್ಟೆಯಲ್ಲಿ ಹತ್ತೊಂಬತ್ತು ಬೊಟ್ಟುಗಳಿವೆ, ತಕ್ಕಡಿ ಸಮನಾಗಿ ನಿಂತಿದೆ. ಡಬ್ಬಿಯೊಳಗೆ ಎಷ್ಟಿದೆ ಎಂದು ಕಂಡುಹಿಡಿಯುವುದು ಆಟ. ಒಂದು ಕಡೆಯಿಂದ ಬೊಟ್ಟು ತೆಗೆದರೆ ತಕ್ಕಡಿ ವಾಲುತ್ತದೆ. ಎರಡೂ ಕಡೆಯಿಂದ ಅಷ್ಟಷ್ಟೇ ತೆಗೆದರೆ ಮಾತ್ರ ನಿಲ್ಲುತ್ತದೆ. ನಾಲ್ಕನ್ನು ಎರಡೂ ಕಡೆಯಿಂದ ತೆಗೆದು, ಉಳಿದ ಹದಿನೈದನ್ನು ಮೂರು ಡಬ್ಬಿಗಳಿಗೆ ಹಂಚಿದಾಗ ಡಬ್ಬಿಗೆ ಐದು ಎಂದು ತಾನಾಗಿ ಹೊರಬೀಳುತ್ತದೆ. ಮುಂದೆ ಡಬ್ಬಿಗಳು ಎರಡೂ ತಟ್ಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅದಾದ ಮೇಲೆ ತಟ್ಟೆಯನ್ನು ಮೇಲಕ್ಕೆ ಎಳೆಯುವ ಬಲೂನುಗಳು ಬರುತ್ತವೆ, ಅವೇ ಋಣಸಂಖ್ಯೆಗಳು. ಎಲ್ಲಕ್ಕಿಂತ ಕೊನೆಗೆ, ಡಬ್ಬಿಯ ಮೇಲೆ ಸದ್ದಿಲ್ಲದೆ ಎಕ್ಸ್ ಎಂಬ ಅಕ್ಷರ ಬರೆದಿರುತ್ತದೆ. ಅಷ್ಟು ಹೊತ್ತಿಗೆ ಅದನ್ನು ಕಂಡು ಹೆದರುವ ಕಾಲ ಮುಗಿದುಹೋಗಿರುತ್ತದೆ. ಪಕ್ಷಾಂತರ ಮಾಡಿದರೆ ಚಿಹ್ನೆ ಬದಲಾಗುತ್ತದೆ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದ ನನಗೆ, ಸಂಖ್ಯೆಗಳು ಎಲ್ಲಿಗೂ ಪಕ್ಷಾಂತರ ಮಾಡುವುದಿಲ್ಲ, ಎರಡೂ ಕಡೆ ಒಂದೇ ಕೆಲಸ ನಡೆಯುತ್ತದೆ ಎಂಬುದು ಕಣ್ಣಿಗೆ ಕಂಡದ್ದು ಇಲ್ಲಿಯೇ ಮೊದಲು.

ಈ ಬಗೆಯ ವಿನ್ಯಾಸ ಹೊಸದೇನಲ್ಲ. 2012ರಲ್ಲಿ ನಾರ್ವೆಯಿಂದ ಬಂದ ಡ್ರ್ಯಾಗನ್‌ಬಾಕ್ಸ್ ಎಂಬ ಆಟವು ಬೀಜಗಣಿತವನ್ನು ಚಿತ್ರದ ಕಾರ್ಡ್‌ಗಳ ಆಟವಾಗಿಸಿ, ಪೆಟ್ಟಿಗೆಯನ್ನು ಒಂದು ಬದಿಯಲ್ಲಿ ಒಂಟಿಯಾಗಿಸುವುದನ್ನೇ ಗುರಿಯಾಗಿಟ್ಟು, ಚಿತ್ರಗಳ ಜಾಗಕ್ಕೆ ನಿಧಾನವಾಗಿ ಅಂಕಿ ಅಕ್ಷರಗಳನ್ನು ತಂದಿತ್ತು. ಇದರ ಹಿಂದಿರುವ ತತ್ವವನ್ನು ಪರೀಕ್ಷೆಗೊಡ್ಡಿದವರು ಜೇಕಬ್ ಹ್ಯಾಬ್‌ಗುಡ್ ಮತ್ತು ಶಾರನ್ ಏನ್ಸ್‌ವರ್ತ್. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮಕ್ಕಳಿಗೆ ಭಾಗಾಕಾರ ಕಲಿಸುವ ಆಟವೊಂದರ ಎರಡು ರೂಪಗಳಿದ್ದವು. ಒಂದರಲ್ಲಿ ಎದೆಯ ಮೇಲೆ ಸಂಖ್ಯೆ ಹೊತ್ತು ಬರುವ ಅಸ್ಥಿಪಂಜರಗಳನ್ನು ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಆಯುಧದಿಂದಲೇ ಹೊಡೆಯಬೇಕಿತ್ತು. ಇನ್ನೊಂದರಲ್ಲಿ ಕಾದಾಟಕ್ಕೂ ಗಣಿತಕ್ಕೂ ಸಂಬಂಧವಿರಲಿಲ್ಲ. ಹಂತಗಳ ನಡುವೆ ಭಾಗಾಕಾರದ ಪ್ರಶ್ನೆಗಳು ಬರುತ್ತಿದ್ದವು. ಮೊದಲ ರೂಪ ಆಡಿದ ಮಕ್ಕಳು ಹೆಚ್ಚು ಕಲಿತರು. ಯಾವುದನ್ನು ಬೇಕಾದರೂ ಆಡಿ ಎಂದು ಬಿಟ್ಟಾಗ ಎರಡನೆಯದಕ್ಕಿಂತ ಮೊದಲನೆಯದರಲ್ಲಿ ಏಳು ಪಟ್ಟು ಹೆಚ್ಚು ಹೊತ್ತು ಕಳೆದರು. ಆಡುವುದೂ ಕಲಿಯುವುದೂ ಒಂದೇ ಕ್ರಿಯೆಯಾದಾಗ ಪ್ರೋತ್ಸಾಹವನ್ನು ಹೊರಗಿನಿಂದ ತಂದು ಸೇರಿಸಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ತಿಳಿದಿಲ್ಲ. ನನ್ನ ಆ್ಯಪ್‌ನ ತಕ್ಕಡಿ ಮೊದಲ ಜಾತಿಯದು. ದುರದೃಷ್ಟವಶಾತ್ ಅದೇ ಆ್ಯಪ್‌ನ ಶೇಕಡಾವಾರು ಅಧ್ಯಾಯ ಎರಡನೆಯ ಜಾತಿಯದು: ನರಿಯೊಂದು ಸೇತುವೆ ದಾಟಲು ನೀವು ಎಂಟು ಲೆಕ್ಕ ಮಾಡಬೇಕು. ಸೇತುವೆಯ ಬದಲು ಏಣಿ ಇದ್ದರೂ, ನರಿಯ ಬದಲು ಮೊಲ ಇದ್ದರೂ, ಲೆಕ್ಕ ಶೇಕಡಾವಾರಿನ ಬದಲು ಕಾಗುಣಿತವೇ ಆಗಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ.

ತಪ್ಪು ಉತ್ತರಕ್ಕೆ ಆ್ಯಪ್ ಕೊಡುವ ಪ್ರತಿಕ್ರಿಯೆಯೂ ಹೊಗಳಬೇಕಾದ್ದೇ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಎಂದಾಗ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಐದನೇ ಎರಡು ಎಂದು ಬರೆಯುವುದು ಎಲ್ಲರೂ ಒಂದಲ್ಲ ಒಂದು ಕಾಲದಲ್ಲಿ ಮಾಡುವ ತಪ್ಪು. ನಾನೂ ಬರೆದೆ. ಆ್ಯಪ್ ಅದಕ್ಕೆ ಕೆಂಪು ಗೆರೆ ಎಳೆದು ಸುಮ್ಮನಾಗಲಿಲ್ಲ. ಅರ್ಧದ ಪಟ್ಟಿಯ ಕೆಳಗೆ ಐದನೇ ಎರಡರ ಪಟ್ಟಿಯನ್ನು ಇಟ್ಟು, ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅದು ಅರ್ಧಕ್ಕಿಂತ ಚಿಕ್ಕದಾಯಿತೇಕೆ ಎಂದು ಕೇಳಿತು. ಈ ಒಂದು ಪ್ರಶ್ನೆಯನ್ನು ಬರೆದವರು ಯಾರೋ ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಮಾಡಿದವರೇ ಇರಬೇಕು. ತಪ್ಪಿನ ಹಿಂದಿರುವ ಯೋಚನೆಯನ್ನು ಊಹಿಸಿ, ಅದೇ ಯೋಚನೆಯನ್ನು ಬುಡದಿಂದ ಅಲುಗಿಸುವ ಇಂಥ ಪ್ರತಿಕ್ರಿಯೆಗಳು ಭಿನ್ನರಾಶಿಯ ಅಧ್ಯಾಯದಲ್ಲಿ ಹೇರಳವಾಗಿವೆ. ಸಂಭವನೀಯತೆಗೆ ಬರುವ ಹೊತ್ತಿಗೆ ಮಾತ್ರ ಅವು ತೆಳುವಾಗುತ್ತವೆ. ಅಲ್ಲಿ ತಪ್ಪಿದರೆ ಸೂತ್ರವೊಂದನ್ನು ತೋರಿಸಿ ಮುಂದಕ್ಕೆ ಕಳುಹಿಸುತ್ತದೆ.

ಇಷ್ಟು ಜತನದಿಂದ ತಪ್ಪನ್ನು ತಿದ್ದುವ ಆ್ಯಪ್, ಅದೇ ತಪ್ಪಿಗೆ ದಂಡವನ್ನೂ ವಿಧಿಸುತ್ತದೆಂಬುದು ನನಗೆ ಕೊನೆಯವರೆಗೂ ಅರ್ಥವಾಗದ ವಿರೋಧಾಭಾಸ. ದಿನಕ್ಕೆ ಐದು ಹೃದಯಗಳು. ಒಂದು ತಪ್ಪಿಗೆ ಒಂದು ಹೃದಯ ಹೋಗುತ್ತದೆ. ಐದೂ ಮುಗಿದರೆ ಹೊಸ ಪಾಠದ ಬಾಗಿಲು ಮುಚ್ಚುತ್ತದೆ. ಮತ್ತೆ ತೆರೆಯಬೇಕಾದರೆ ಗಂಟೆಗಟ್ಟಲೆ ಕಾಯಬೇಕು, ಇಲ್ಲವೇ ಜಾಹೀರಾತು ನೋಡಬೇಕು, ಇಲ್ಲವೇ ಚಂದಾದಾರರಾಗಬೇಕು. ಈ ಪದ್ಧತಿ ಆಟಗಳಿಂದ ಬಂದದ್ದೆಂದು ಹೇಳುವವರು ಆಟಗಳನ್ನು ಸರಿಯಾಗಿ ನೋಡಿಲ್ಲವೆನಿಸುತ್ತದೆ. 1985ರ ಸೂಪರ್ ಮಾರಿಯೊ ಬ್ರದರ್ಸ್ ಆಟದ ಮೊದಲ ಹಂತವನ್ನು ವಿನ್ಯಾಸಕಾರರು ಇಂದಿಗೂ ಪಾಠದಂತೆ ಅಧ್ಯಯನ ಮಾಡುತ್ತಾರೆ. ಅಲ್ಲಿ ಸೂಚನೆಯ ಒಂದು ಸಾಲೂ ಇಲ್ಲ. ಮೊದಲ ಶತ್ರು ನಡೆದು ಬರುತ್ತದೆ, ತಾಗಿದರೆ ಸಾಯುತ್ತೀರಿ, ಆದರೆ ಆಟ ಆಗತಾನೇ ಶುರುವಾಗಿರುವುದರಿಂದ ಕಳೆದುಕೊಂಡದ್ದು ಕೆಲವೇ ಕ್ಷಣಗಳು, ಮರುಗಳಿಗೆಯೇ ಅದೇ ಜಾಗದಲ್ಲಿ ನಿಂತಿರುತ್ತೀರಿ. ಎರಡನೇ ಸಲ ಜಿಗಿಯುತ್ತೀರಿ. ಕಲಿಯಬೇಕಾದ ಜಾಗದಲ್ಲಿ ಸೋಲು ಅಗ್ಗವಾಗಿರುವುದೇ ಅಲ್ಲಿನ ಜಾಣ್ಮೆ. ಈ ಆ್ಯಪ್ ಹೊಸ ಪರಿಕಲ್ಪನೆಯನ್ನು ಮೊದಲ ಸಲ ಮುಟ್ಟುವ ಕಡೆಯಲ್ಲಿಯೇ, ಅಂದರೆ ತಪ್ಪುಗಳು ಸಹಜವಾಗಿ ಹೆಚ್ಚುವ ಕಡೆಯಲ್ಲಿಯೇ, ಸೋಲನ್ನು ದುಬಾರಿ ಮಾಡಿದೆ. ಇದರ ಫಲ ನನ್ನಲ್ಲಿ ಬೇಗನೆ ಕಾಣಿಸಿತು. ಹೃದಯ ಒಂದೇ ಉಳಿದಾಗ ನಾನು ಊಹೆ ಮಾಡುವುದನ್ನೇ ಬಿಟ್ಟು, ಸುಳಿವಿನ ಗುಂಡಿ ಒತ್ತುತ್ತಿದ್ದೆ. ಇಲ್ಲವೇ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಳ್ಳುತ್ತಿದ್ದೆ. ಯೋಚಿಸಿ ತಪ್ಪುವುದಕ್ಕಿಂತ ಯೋಚಿಸದೆ ಸರಿಯಾಗುವುದು ಲಾಭದಾಯಕ ಎಂದು ಗಣಿತದ ಆ್ಯಪ್ ನನಗೆ ಕಲಿಸುತ್ತಿತ್ತು.

ಈಗ ಪಾಯಿಂಟುಗಳ ವಿಷಯ. ಪ್ರತಿ ಪಾಠಕ್ಕೆ ಇಪ್ಪತ್ತು ಪಾಯಿಂಟ್; ಪಾಠ ಹೊಸದಾದರೂ ಹಳೆಯದಾದರೂ, ಸುಲಭವಾದರೂ ಕಠಿಣವಾದರೂ ಇಪ್ಪತ್ತೇ. ಕೆಲವೊಮ್ಮೆ ಹದಿನೈದು ನಿಮಿಷ ಎರಡು ಪಟ್ಟು ಪಾಯಿಂಟ್ ಸಿಗುವ ಕೊಡುಗೆ ತೆರೆದುಕೊಳ್ಳುತ್ತದೆ. ವಾರದ ಲೀಗ್‌ನಲ್ಲಿ ನಿಮ್ಮೊಂದಿಗೆ ಮೂವತ್ತು ಮಂದಿ ಅಪರಿಚಿತರಿರುತ್ತಾರೆ, ಮೇಲಿನ ಏಳು ಮಂದಿ ಮುಂದಿನ ಲೀಗ್‌ಗೆ ಹೋಗುತ್ತಾರೆ, ಕೆಳಗಿನ ಐದು ಮಂದಿ ಜಾರುತ್ತಾರೆ. ಮೂರನೆಯ ತಿಂಗಳಲ್ಲಿ ನಾನು ಈ ಪಟ್ಟಿಯ ಗುಂಗಿಗೆ ಬಿದ್ದೆ. ವರ್ಗಮೂಲದ ಹೊಸ ಪಾಠಕ್ಕೆ ಇಪ್ಪತ್ತೈದು ನಿಮಿಷ ಬೇಕು. ಭಿನ್ನರಾಶಿಯ ಮೊದಲ ಪಾಠವನ್ನು ಕಣ್ಣು ಮುಚ್ಚಿಕೊಂಡು ಎರಡು ನಿಮಿಷದಲ್ಲಿ ಮುಗಿಸಬಹುದು. ಎರಡಕ್ಕೂ ಫಲ ಒಂದೇ ಎಂದ ಮೇಲೆ ಬುದ್ಧಿವಂತ ಆಟಗಾರ ಏನು ಮಾಡಬೇಕೋ ನಾನು ಅದನ್ನೇ ಮಾಡಿದೆ. ಒಂದು ಭಾನುವಾರ ರಾತ್ರಿ ಅರ್ಧಕ್ಕೆ ಕಾಲು ಕೂಡಿಸುವ ಪಾಠವನ್ನು ಹದಿನಾಲ್ಕು ಬಾರಿ ಮಾಡಿ ಮೂರನೆಯ ಸ್ಥಾನ ಗಳಿಸಿದೆ. ಅಂದು ನನಗಿಂತ ಮೇಲಿದ್ದ ಇಬ್ಬರೂ ಅದನ್ನೇ ಮಾಡುತ್ತಿದ್ದರೆಂದು ನಾನು ಪಣ ಕಟ್ಟಬಲ್ಲೆ. ಇದನ್ನು ಮೋಸ ಎನ್ನಲಾಗದು, ನಿಯಮದೊಳಗೇ ಆಡಿದ್ದೇವೆ. ಯಾವುದಕ್ಕೆ ಅಂಕ ಕೊಡುತ್ತೀರೋ ಅದೇ ನಡೆಯುತ್ತದೆ ಎಂಬುದು ಆಟದ ವಿನ್ಯಾಸಕಾರರಿಗೆ ಅಕ್ಷರಾಭ್ಯಾಸದಷ್ಟು ಪ್ರಾಥಮಿಕ ಸಂಗತಿ, ಮತ್ತು ಇಲ್ಲಿ ಅಂಕ ದೊರೆಯುತ್ತಿದ್ದದ್ದು ಪಾಠ ಮುಗಿಸುವುದಕ್ಕೆ, ತಿಳಿಯುವುದಕ್ಕಲ್ಲ.

ಬಹುಮಾನದ ಬಗ್ಗೆ ಎಚ್ಚರಿಕೆ ಹೇಳುವ ಸಂಶೋಧನೆಗಳು ಗೇಮಿಫಿಕೇಶನ್ ಎಂಬ ಮಾತಿಗಿಂತ ಎಷ್ಟೋ ಹಳೆಯವು. 1973ರಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಅವರು ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು, ಒಂದು ಗುಂಪಿಗೆ ಹೇಳದೆಯೇ ಕೊನೆಗೆ ಕೊಟ್ಟರು, ಮತ್ತೊಂದಕ್ಕೆ ಏನೂ ಕೊಡಲಿಲ್ಲ. ಕೆಲವು ದಿನಗಳ ಮೇಲೆ ಬಿಡುವಿನ ಹೊತ್ತಿನಲ್ಲಿ ಗಮನಿಸಿದಾಗ, ಬಹುಮಾನಕ್ಕೆಂದು ಬರೆದಿದ್ದ ಮಕ್ಕಳು ಉಳಿದವರಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಇನ್ನೂ ಹತ್ತಿರದ ಉದಾಹರಣೆಯೆಂದರೆ ಮೈಕೆಲ್ ಹಾನಸ್ ಮತ್ತು ಜೆಸ್ಸಿ ಫಾಕ್ಸ್ 2015ರಲ್ಲಿ ಪ್ರಕಟಿಸಿದ ಅಧ್ಯಯನ. ಬ್ಯಾಡ್ಜ್ ಮತ್ತು ಲೀಡರ್‌ಬೋರ್ಡ್ ಇದ್ದ ಕಾಲೇಜು ತರಗತಿಯನ್ನು ಅವಿಲ್ಲದ ತರಗತಿಯೊಂದಿಗೆ 16 ವಾರ ಹೋಲಿಸಿದಾಗ, ಮೊದಲನೆಯದರಲ್ಲಿ ಕಲಿಯುವ ಉತ್ಸಾಹವೂ ತೃಪ್ತಿಯೂ ದಿನ ಕಳೆದಂತೆ ಕಡಿಮೆಯಾದವು, ಅಂತಿಮ ಪರೀಕ್ಷೆಯ ಅಂಕಗಳೂ ಕೆಳಗಿದ್ದವು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನ್ಯಾಯವಾದೀತು. ಮೈಕೆಲ್ ಸೈಲರ್ ಮತ್ತು ಲೀಸಾ ಹೋಮ್ನರ್ 2020ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಲಿಕೆ, ಪ್ರೇರಣೆ, ವರ್ತನೆ ಮೂರರಲ್ಲಿಯೂ ಗೇಮಿಫಿಕೇಶನ್ನಿನ ಪರಿಣಾಮ ಸಣ್ಣದಾದರೂ ಧನಾತ್ಮಕವಾಗಿಯೇ ಇತ್ತು. ನನ್ನ ಅನುಭವವೂ ಅದನ್ನು ಅಲ್ಲಗಳೆಯುವುದಿಲ್ಲ: ಮೊದಲ ಆರು ವಾರ ನನ್ನನ್ನು ಈ ಆ್ಯಪ್‌ಗೆ ಕಟ್ಟಿಹಾಕಿದ್ದು ಪಾಯಿಂಟುಗಳೇ. ಆಗ ಗಣಿತದ ರುಚಿ ಇನ್ನೂ ಹತ್ತಿರಲಿಲ್ಲ, ಹಾಗಾಗಿ ಕುಗ್ಗಿಸಲು ಒಳಗಿನ ಆಸಕ್ತಿಯೆಂಬುದೂ ಇರಲಿಲ್ಲ. ತೊಂದರೆ ಶುರುವಾದದ್ದು ರುಚಿ ಹತ್ತಿದ ಮೇಲೆ. ತಕ್ಕಡಿಯ ಅಧ್ಯಾಯದ ಹೊತ್ತಿಗೆ ನನಗೆ ಪಾಯಿಂಟ್ ಬೇಕಿರಲಿಲ್ಲ, ಆದರೆ ಆ್ಯಪ್‌ಗೆ ಅದು ತಿಳಿಯುವ ಬಗೆಯಿರಲಿಲ್ಲ. ನಡೆಯಲು ಕಲಿತ ಮಗುವಿನ ಸೊಂಟಕ್ಕೆ ಇನ್ನೂ ಕೈ ಹಿಡಿದುಕೊಂಡೇ ಇರುವ ಹಿರಿಯರಂತೆ ಅದು ಹಿಂದೆ ಹಿಂದೆಯೇ ಬರುತ್ತಿತ್ತು.

ಸ್ಟ್ರೀಕ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಎಲ್ಲ ತಂತ್ರಗಳಲ್ಲಿ ಬಲಶಾಲಿಯಾದದ್ದು ಅದು. ಗಳಿಸಿದ್ದರ ಸುಖಕ್ಕಿಂತ ಅಷ್ಟನ್ನೇ ಕಳೆದುಕೊಳ್ಳುವ ನೋವು ಮನುಷ್ಯನಿಗೆ ದೊಡ್ಡದೆಂದು ಡೇನಿಯಲ್ ಕಾನೆಮನ್ ಮತ್ತು ಆಮೋಸ್ ಟ್ವರ್ಸ್ಕಿ 1979ರಲ್ಲಿಯೇ ಪ್ರತಿಪಾದಿಸಿದ್ದರು. ಸ್ಟ್ರೀಕ್ ಇದರ ಮೇಲೆಯೇ ನಿಂತಿದೆ. ಹತ್ತನೆಯ ದಿನದಲ್ಲಿ ಅದು ಹೆಮ್ಮೆ, ನೂರನೆಯ ದಿನದಲ್ಲಿ ಆಸ್ತಿ, ಇನ್ನೂರನೆಯ ದಿನದಲ್ಲಿ ಸಾಲದಂತೆ ಕಾಡುವ ಹೊರೆ. ಪ್ರತಿದಿನ ಸ್ವಲ್ಪ ಸ್ವಲ್ಪ ಕಲಿಯುವುದು ಒಂದೇ ದಿನ ಬಹಳ ಕಲಿಯುವುದಕ್ಕಿಂತ ಮೇಲು ಎಂಬುದರಲ್ಲಿ ಸಂಶಯವಿಲ್ಲ, ಆ ಅಭ್ಯಾಸ ನನ್ನಲ್ಲಿ ಬೆಳೆದದ್ದೂ ಸ್ಟ್ರೀಕ್‌ನಿಂದಲೇ. ಆದರೆ ರಾತ್ರಿ ಹನ್ನೊಂದೂ ಐವತ್ತೆರಡಕ್ಕೆ ಹಾಸಿಗೆಯಿಂದ ಎದ್ದು, ನಿದ್ದೆಗಣ್ಣಿನಲ್ಲಿ ಅತ್ಯಂತ ಸುಲಭದ ಪಾಠವೊಂದನ್ನು ಒತ್ತಿ ಮುಗಿಸಿ, ಉರಿಯುವ ದೀಪದ ಚಿತ್ರ ಕಂಡ ಮೇಲೆಯೇ ಮಲಗುವ ಮನುಷ್ಯ ಅಂದು ಕಲಿತದ್ದೇನು? ಇನ್ನೂರ ಹದಿನಾಲ್ಕನೆಯ ದಿನದ ಮೇಲೆ ನನಗೆ ಜ್ವರ ಬಂತು. ಎರಡು ದಿನ ಫೋನ್ ಮುಟ್ಟಲಿಲ್ಲ. ಮೂರನೆಯ ದಿನ ತೆರೆದಾಗ ದೀಪ ಆರಿತ್ತು, ಅಲ್ಲಿ ಸೊನ್ನೆ ಎಂದಿತ್ತು. ಇನ್ನೂರ ಹದಿನಾಲ್ಕು ದಿನಗಳಲ್ಲಿ ಕಲಿತ ಗಣಿತದಲ್ಲಿ ಒಂದು ಅಕ್ಷರವೂ ನನ್ನ ತಲೆಯಿಂದ ಹೋಗಿರಲಿಲ್ಲ. ಆದರೂ ಎಲ್ಲವೂ ಮುಗಿಯಿತೆನಿಸಿ ಮೂರು ವಾರ ನಾನು ಅದನ್ನು ತೆರೆಯಲೇ ಇಲ್ಲ. ಕಲಿಕೆಯನ್ನು ಕಾಯಬೇಕಾದ ಬೇಲಿ, ಮುರಿದುಬಿದ್ದಾಗ ಕಲಿಕೆಯನ್ನೂ ಕೆಳಕ್ಕೆ ಎಳೆದುಕೊಂಡು ಬಿತ್ತು. ವಾರಕ್ಕೆ ಐದು ದಿನ ಎಂದು ಗುರಿ ಇಟ್ಟಿದ್ದರೆ, ಅಥವಾ ಒಟ್ಟು ಕಲಿತ ದಿನಗಳನ್ನು ಎಣಿಸಿ ಅದನ್ನು ಎಂದೂ ಸೊನ್ನೆ ಮಾಡದಿದ್ದರೆ, ಇಷ್ಟು ಹಾನಿಯಾಗುತ್ತಿರಲಿಲ್ಲ.

ಬ್ಯಾಡ್ಜ್‌ಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನನ್ನ ಬಳಿ ನಲವತ್ತೊಂದು ಇವೆ. ಯಾವುದು ಯಾತಕ್ಕೆ ಬಂತೆಂದು ಎರಡರ ವಿನಾ ನೆನಪಿಲ್ಲ. ಕಥೆಯ ಎಳೆಯೂ ಹಾಗೆಯೇ: ನರಿ, ಗೂಬೆ, ಮರೆವಿನ ಪ್ರಾಧ್ಯಾಪಕರು ಬರುತ್ತಾರೆ, ಹೋಗುತ್ತಾರೆ.

ಪುನರಾವರ್ತನೆಯ ವ್ಯವಸ್ಥೆ ಮಾತ್ರ ಗಮನಾರ್ಹ. ಕಲಿತದ್ದು ಆರಂಭದಲ್ಲಿ ಬೇಗಬೇಗನೆಯೂ ಆಮೇಲೆ ನಿಧಾನವಾಗಿಯೂ ಮರೆತುಹೋಗುತ್ತದೆಂದು ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತಮ್ಮನ್ನೇ ಪ್ರಯೋಗಕ್ಕೆ ಒಡ್ಡಿಕೊಂಡು ತೋರಿಸಿದ್ದರು. ಅದನ್ನು ಅನುಸರಿಸಿ ಆ್ಯಪ್ ನೀವು ತಪ್ಪಿದ ಲೆಕ್ಕಗಳನ್ನು ಎರಡು ದಿನಕ್ಕೆ, ಆಮೇಲೆ ವಾರಕ್ಕೆ, ಆಮೇಲೆ ತಿಂಗಳಿಗೆ ಮತ್ತೆ ಮುಂದಿಡುತ್ತದೆ. ಸರಿಯಾದರೆ ಅಂತರ ಹಿಗ್ಗುತ್ತದೆ, ತಪ್ಪಿದರೆ ಕುಗ್ಗುತ್ತದೆ. ನನಗೆ ಇಂದು ಋಣಸಂಖ್ಯೆಗಳ ಗುಣಾಕಾರ ಲೀಲಾಜಾಲವಾಗಿ ಬರುತ್ತಿದ್ದರೆ ಅದಕ್ಕೆ ಈ ವ್ಯವಸ್ಥೆಯೇ ಕಾರಣ. ಆದರೆ ಇದನ್ನು ಹುಡುಕಲು ಮೂರು ಪರದೆ ದಾಟಿ ಹೋಗಬೇಕು, ಅಲ್ಲಿ ಮಾಡಿದ ಕೆಲಸಕ್ಕೆ ಐದೇ ಪಾಯಿಂಟ್. ಸಂಸ್ಥೆಯ ಬಳಿ ಇರುವ ಅತ್ಯಂತ ಬೆಲೆಬಾಳುವ ಸಾಧನಕ್ಕೆ ಸಂಸ್ಥೆಯೇ ಅತ್ಯಂತ ಕಡಿಮೆ ಬೆಲೆ ಕಟ್ಟಿದೆ.

ಶಾಲೆಗಳಿಗೆಂದು ಇದರದೇ ಒಂದು ಆವೃತ್ತಿಯಿದೆ. ಶಿಕ್ಷಕಿಯಾಗಿರುವ ನನ್ನ ಸ್ನೇಹಿತೆಯೊಬ್ಬರು ಅದನ್ನು ತಮ್ಮ ತರಗತಿಯಲ್ಲಿ ಒಂದು ಅವಧಿಯುದ್ದಕ್ಕೂ ಬಳಸಿದ್ದರು. ಅವರು ಹೇಳಿದ ಪ್ರಕಾರ ಮೊದಲ ವಾರ ಇಡೀ ತರಗತಿ ಕುಣಿದಾಡಿತು. ನಾಲ್ಕನೆಯ ವಾರದ ಹೊತ್ತಿಗೆ ಪಟ್ಟಿಯ ಮೇಲಿನ ಆರು ಮಕ್ಕಳು ಮಾತ್ರ ಆಡುತ್ತಿದ್ದರು. ಅವರು ಹೇಗಿದ್ದರೂ ಗಣಿತದಲ್ಲಿ ಮುಂದಿದ್ದವರೇ. ಕೆಳಗಿನ ಮಕ್ಕಳಿಗೆ ತಾವು ಹಿಂದಿದ್ದೇವೆಂಬ ಸಂಗತಿ ಈಗ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಪ್ರತಿದಿನ ಕಾಣುತ್ತಿತ್ತು. ಆಕೆ ಪಟ್ಟಿಯನ್ನು ತೆಗೆದುಹಾಕಿ, ಮಕ್ಕಳನ್ನು ನಾಲ್ಕು ನಾಲ್ಕರ ತಂಡಗಳಾಗಿ ಮಾಡಿ, ಇಡೀ ತರಗತಿ ಸೇರಿ ಒಂದು ಗುರಿ ಮುಟ್ಟುವಂತೆ ಬದಲಿಸಿದರು. ಅನಂತರ ಹಿಂದಿನ ಸಾಲಿನ ಹುಡುಗನೊಬ್ಬ ಪಕ್ಕದವನಿಗೆ ಲ.ಸಾ.ಅ. ಹೇಳಿಕೊಡುವುದನ್ನು ಕಂಡರಂತೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದ ಪ್ರಕಾರ ಒಳಗಿನಿಂದ ಬರುವ ಪ್ರೇರಣೆಗೆ ಸ್ವಾಯತ್ತತೆ, ಸಾಮರ್ಥ್ಯದ ಅನುಭವ ಮತ್ತು ಇತರರೊಂದಿಗಿನ ನಂಟು ಬೇಕು. ಆ ಹುಡುಗನಿಗೆ ಆ ಗಳಿಗೆಯಲ್ಲಿ ಈ ಪೈಕಿ ಕನಿಷ್ಠ ಎರಡು ಸಿಕ್ಕಿದ್ದವು. ಆದರೆ ಈ ಬದಲಾವಣೆಯನ್ನು ಮಾಡಿದ್ದು ಶಿಕ್ಷಕಿ. ಆ್ಯಪ್‌ನಲ್ಲಿ ತಂಡಗಳ ಸೌಲಭ್ಯ ಇಲ್ಲದ್ದರಿಂದ ಆಕೆ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಇಡಬೇಕಾಯಿತು.

ಮೂರು ವಾರಗಳ ಮುನಿಸು ಕಳೆದು ಹಿಂದಿರುಗಿದಾಗ ನಾನು ಸೆಟ್ಟಿಂಗ್ಸ್‌ನ ಒಳಹೊಕ್ಕು ಮಾಡಿದ ಬದಲಾವಣೆಗಳನ್ನು ಹೊಸಬರು ಮೊದಲ ದಿನವೇ ಮಾಡಿಕೊಳ್ಳುವುದು ಒಳ್ಳೆಯದೆಂದು ಭಾವಿಸುತ್ತೇನೆ. ಲೀಗ್‌ನಿಂದ ಹೊರಬರಲು ಖಾತೆಯನ್ನು ಖಾಸಗಿಯಾಗಿಸಬೇಕು. ಈ ಆಯ್ಕೆ ಇದೆ, ಆದರೆ ಹೆಸರು ಬೇರೆ ಇರುವುದರಿಂದ ಬೇಗ ಹೊಳೆಯುವುದಿಲ್ಲ. ನೋಟಿಫಿಕೇಶನ್‌ಗಳನ್ನು ದಿನಕ್ಕೆ ಒಂದಕ್ಕೆ ಇಳಿಸಬಹುದು, ಪೂರ್ತಿ ನಿಲ್ಲಿಸಲೂ ಬಹುದು. ಹೃದಯಗಳಿಂದ ಪಾರಾಗಲು ಚಂದಾ ಕಟ್ಟುವುದಲ್ಲದೆ ಬೇರೆ ದಾರಿಯಿಲ್ಲ. ನಾನು ಕಟ್ಟಿದ್ದೇನೆ, ಆದರೆ ತಪ್ಪು ಮಾಡುವ ಹಕ್ಕನ್ನು ಹಣ ಕೊಟ್ಟು ಕೊಂಡಂತಾಯಿತೆಂಬ ಕಹಿ ಇನ್ನೂ ಹೋಗಿಲ್ಲ. ಸ್ಟ್ರೀಕ್ ಅನ್ನು ಮರೆಮಾಡುವ ಗುಂಡಿಯಂತೂ ಎಲ್ಲಿಯೂ ಇಲ್ಲ. ಈ ಬದಲಾವಣೆಗಳಾದ ಮೇಲೆ ನಾನು ಆ್ಯಪ್‌ನಲ್ಲಿ ಕಳೆಯುವ ಹೊತ್ತು ಕಡಿಮೆಯಾಗಿದೆ, ವಾರಕ್ಕೆ ನಾಲ್ಕು ದಿನ, ಒಮ್ಮೊಮ್ಮೆ ಮೂರೇ ದಿನ. ಆದರೆ ಮುಗಿಸಿದ ಹೊಸ ಪಾಠಗಳ ಸಂಖ್ಯೆ ಲೀಗ್‌ನ ಗುಂಗಿನಲ್ಲಿದ್ದ ತಿಂಗಳುಗಳಿಗಿಂತ ಹೆಚ್ಚಾಗಿದೆ.

ಹಾಗಾದರೆ ಯಾರು ಇದನ್ನು ಬಳಸಬಹುದು? ಬೀಜಗಣಿತವೆಂದರೆ ಹಿಂಜರಿಯುವ ವಯಸ್ಕರಿಗೆ, ಶೇಕಡಾವಾರು ಮತ್ತು ಸಂಭವನೀಯತೆಯ ಅಧ್ಯಾಯಗಳಿಗೆ ಬೇರೆ ಪುಸ್ತಕವನ್ನು ಜೊತೆಗಿಟ್ಟುಕೊಳ್ಳುವ ಷರತ್ತಿನೊಂದಿಗೆ, ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಪರೀಕ್ಷೆಗೆ ಸಿದ್ಧವಾಗುತ್ತಿರುವವರಿಗೆ ಇದು ಸಾಲದು, ಏಕೆಂದರೆ ಇಲ್ಲಿ ಉತ್ತರಗಳನ್ನು ಆರಿಸುವುದೇ ಹೆಚ್ಚು, ಹಂತಗಳನ್ನು ಬರೆದು ತೋರಿಸುವ ಅಭ್ಯಾಸವಿಲ್ಲ. ಚಿಕ್ಕ ಮಕ್ಕಳ ಕೈಗೆ ಕೊಡುವುದಾದರೆ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತುಕೊಳ್ಳಬೇಕು, ಮತ್ತು ಎಷ್ಟು ಪಾಯಿಂಟ್ ಬಂತು ಎಂದು ಎಂದೂ ಕೇಳಬಾರದು. ಐದಕ್ಕೆ ಅಂಕ ಕೊಡಬೇಕಾದರೆ ಪಾಠಗಳಿಗೆ ನಾಲ್ಕು, ಅವುಗಳ ಸುತ್ತಲಿನ ಸಡಗರಕ್ಕೆ ಒಂದೂವರೆ ಕೊಡುತ್ತೇನೆ. ವಿಮರ್ಶೆಯಲ್ಲಿ ನಾನೂ ಅಂಕವನ್ನೇ ಕೊಡುತ್ತಿದ್ದೇನೆಂಬುದು ಬರೆಯುವಾಗಲೇ ಗಮನಕ್ಕೆ ಬಂದಿದೆ.

ಕಳೆದ ವಾರ ಅಸಮತೆಗಳ ಅಧ್ಯಾಯ ತೆರೆದೆ. ತಕ್ಕಡಿ ಮತ್ತೆ ಬಂದಿದೆ, ಈ ಸಲ ವಾಲಿಯೇ ನಿಂತಿದೆ. ಎಡ ತಟ್ಟೆ ಭಾರವಾಗಿ ಕೆಳಗಿದೆ, ಬಲ ತಟ್ಟೆ ಮೇಲಿದೆ. ಎರಡೂ ಕಡೆ ಋಣ ಒಂದರಿಂದ ಗುಣಿಸಿದರೆ ಚಿಹ್ನೆ ತಿರುಗುತ್ತದೆ ಎಂಬ ನಿಯಮವನ್ನು ಶಾಲೆಯಲ್ಲಿ ಕಾರಣ ಕೇಳದೆ ಒಪ್ಪಿಕೊಂಡಿದ್ದೆ. ಇಲ್ಲಿ ಒಂದು ಗುಂಡಿ ಒತ್ತಿದಾಗ ಎರಡೂ ತಟ್ಟೆಗಳ ಬೊಟ್ಟುಗಳೆಲ್ಲ ಬಲೂನುಗಳಾದವು, ಬಲೂನುಗಳೆಲ್ಲ ಬೊಟ್ಟುಗಳಾದವು. ಹೆಚ್ಚು ಭಾರವಿದ್ದ ಎಡ ತಟ್ಟೆಯನ್ನು ಈಗ ಹೆಚ್ಚು ಬಲೂನುಗಳು ಮೇಲಕ್ಕೆ ಎಳೆಯುತ್ತಿದ್ದವು, ತಕ್ಕಡಿ ನಿಧಾನವಾಗಿ ಬಲಕ್ಕೆ ವಾಲಿತು. ನಾನು ಅದನ್ನು ಹಿಂದಕ್ಕೆ ಮುಂದಕ್ಕೆ ಐದಾರು ಸಲ ಮಾಡಿ ನೋಡಿದೆ. ಅಷ್ಟರಲ್ಲಿ ಚಿನ್ನದ ನಾಣ್ಯಗಳು ಉದುರುವ ಸದ್ದಿನೊಂದಿಗೆ ಇಪ್ಪತ್ತು ಪಾಯಿಂಟುಗಳ ಅಭಿನಂದನೆ ತಕ್ಕಡಿಯ ಮೇಲೆಯೇ ಬಂದು ಕುಳಿತಿತು. ಅದನ್ನು ಮುಚ್ಚಿ ಮತ್ತೆ ನೋಡೋಣವೆಂದರೆ ಪರದೆ ಮುಂದಿನ ಪಾಠಕ್ಕೆ ಹೋಗಿಬಿಟ್ಟಿತ್ತು.